ಬೀರಪ್ಪನ ಕುರಿಗೊಂದು ಕಾಲಂ

ಉಮರ್ಗಾ ಬಸ್ ನಿಲ್ದಾಣದ ಎದುರಿಗೆ ಹಿಂಡಿ, ಹೊಟ್ಟು ಮಾರುವ ಅಂಗಡಿಯೊಂದಿದೆ. ಅದರ ಮೇಲಿನ ಅಂತಸ್ತಿನಲ್ಲಿ ಎರಡು ಕೋಣೆ, ಒಂದು ಕಂಪ್ಯೂಟರು, ಒಂದು ಪ್ರಿಂಟರು, ಕುರಿಗಳ ಔಷಧಿ ತುಂಬಿದ ಹಳೆಯ ಫ್ರಿಜ್ಜು. ಉಮರ್ಗಾ, ನಿಲಂಗಾ, ಉದಗೀರ, ಮಹಾರಾಷ್ಟ್ರದ ಗಡಿಯ ಈ ಮೂರು ತಾಲೂಕುಗಳ ನೂರಾ ಎಂಬತ್ತೇಳು ಕುರಿಗಾರ ಮನೆಗಳು ಸೇರಿ ಕಟ್ಟಿಕೊಂಡ ಕಂಪನಿಯ ಕಚೇರಿ ಇದೇ. ಕಂಪನಿ ಅಂದಕೂಡಲೇ ಗಾಜಿನ ಬಾಗಿಲು, ತಣ್ಣನೆಯ ಗಾಳಿ ಅಂತ ಯಾರೂ ಹಿಗ್ಗಬೇಡಿ. ಬೇಸಿಗೆಯಲ್ಲಿ ಅಲ್ಲಿ ತಂಪಾಗಿರುವುದು ಆ ಫ್ರಿಜ್ಜಿನ ಒಳಗೆ ಮಾತ್ರ. ಕಂಪ್ಯೂಟರಿನ ಮುಂದೆ ಕೂಡುವವಳು ಮನಿಷಾ. ಬೆಳಗ್ಗೆ ಒಂಬತ್ತರ ಬಸ್ಸಿಗೆ ಯೆಣೆಗೂರಿನಿಂದ ಬರುತ್ತಾಳೆ, ಸಂಜೆ ಐದರ ಬಸ್ಸಿಗೆ ಮರಳುತ್ತಾಳೆ.

ಆಕೆಯ ಕೆಲಸವೇನೆಂದು ಯೆಣೆಗೂರಿನಲ್ಲಿ ಯಾರನ್ನಾದರೂ ಕೇಳಿ, "ಕುರಿ ಬರೀತಾಳ" ಅನ್ನುತ್ತಾರೆ. ಹೀಗೆ ಅನ್ನುವಾಗ ಸಣ್ಣಗೆ ನಗುತ್ತಾರೆ ಕೂಡ. ಕುರಿ ಕಾಯುವುದುಂಟು, ಮೇಯಿಸುವುದುಂಟು, ರಾತ್ರಿ ಹೊಲದಲ್ಲಿ ತರುಬಿ ಮಲಗಿಸುವುದುಂಟು, ಬರೆಯುವುದೆಂದರೇನು? ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಆಕೆಯ ಮಾವ ಭೀಮಶಾ. "ಕಾಗದದ ಕುರಿ ಮೇಯಂಗಿಲ್ಲ, ಈಯಂಗಿಲ್ಲ" ಎಂದು ಅವನು ದಿನಕ್ಕೊಮ್ಮೆಯಾದರೂ ಅನ್ನದೆ ಬಿಟ್ಟವನಲ್ಲ. ಸಿಟ್ಟಿನಿಂದಲ್ಲ, ಚೇಷ್ಟೆಗೆ. ಆದರೆ ಆ ಚೇಷ್ಟೆ ಮನಿಷಾಳಿಗೆ ಚುಚ್ಚುತ್ತಿತ್ತು, ಯಾಕೆಂದರೆ ಆಕೆಗೆ ಆ ಮನೆಯಲ್ಲಿ ಒಂದೇ ಒಂದು ಆಸೆಯಿತ್ತು. ಚಿನ್ನ ಬಣ್ಣದ ಆಸೆಯಲ್ಲ. ಸಂಜೆ ಹಿಂಡು ಮನೆಗೆ ಬಂದಾಗ ದೊಡ್ಡಿಯ ಬಾಯಿಗೆ ತಾನು ನಿಲ್ಲಬೇಕು, ಅಷ್ಟೆ.

ಅದರಲ್ಲೇನು ದೊಡ್ಡಸ್ತಿಕೆ ಅಂತ ಕೇಳುವವರು ಕುರಿಗಾರರ ಮನೆ ಕಂಡವರಲ್ಲ. ದೊಡ್ಡಿಗೆ ಸುತ್ತ ಜಾಲಿ ಮುಳ್ಳಿನ ಬೇಲಿ, ಒಂದು ಕುರಿ ನುಸುಳುವಷ್ಟೇ ಅಗಲದ ಬಾಯಿ. ಸಂಜೆ ಆ ಬಾಯಿಯ ಪಕ್ಕ ಮನೆಯ ಯಜಮಾನ ಬಡಿಗೆ ಹಿಡಿದು ನಿಲ್ಲುತ್ತಾನೆ. ಕುರಿಗಳು ಒಂದೊಂದಾಗಿ ಅವನ ಮೊಣಕಾಲು ಸವರಿಕೊಂಡು ಒಳಗೆ ಹೋಗುತ್ತವೆ. ಯಾವುದಕ್ಕೆ ಕುಂಟು, ಯಾವುದರ ಹೊಟ್ಟೆ ಉಬ್ಬಿದೆ, ಯಾವುದು ಬಂದಿಲ್ಲ, ಎಲ್ಲ ಅವನ ಕಣ್ಣಿಗೆ ಬೀಳಬೇಕು. ಹಿಂಡು ಯಾರದು ಎಂಬ ಪ್ರಶ್ನೆಗೆ ಉತ್ತರ, ಆ ಜಾಗದಲ್ಲಿ ನಿಂತವನು.

ಮನಿಷಾ ಎಂಟು ವರ್ಷದವಳಿದ್ದಾಗಲೇ ಅಲ್ಲಿ ನಿಂತವಳು. ಆಕೆಯ ತವರು ಜಳಕೋಟದ ಹತ್ತಿರದ ಹಳ್ಳಿ. ಗಂಡುಮಕ್ಕಳಿಲ್ಲದ ಅಪ್ಪ ಮಗಳನ್ನೇ ದೊಡ್ಡಿಯ ಬಾಯಿಗೆ ನಿಲ್ಲಿಸಿಕೊಂಡು ಕಲಿಸಿದ. "ಎಣಿಸಬ್ಯಾಡ, ನೋಡು. ಎಣಿಸಿದರ ಎಷ್ಟು ಅಂತ ತಿಳೀತದ. ನೋಡಿದರ ಯಾವದು ಅಂತ ತಿಳೀತದ." ಕರಿಕಿವಿ, ಬಿಳಿಮೂತಿ, ಮುರುಕುಕೊಂಬು, ಹೀಗೆ ಮುಖದಿಂದ ಗುರುತು ಹಿಡಿಯಬೇಕು. ಎಲ್ಲ ಒಳಗಾದ ಮೇಲೆ ಒಟ್ಟು ಎಷ್ಟು ಎಂದು ಅವ್ವನಿಗೆ ಕೂಗಿ ಹೇಳುವುದೂ ಆಕೆಯದೇ ಕೆಲಸ. ಆ ಸಂಖ್ಯೆಯನ್ನು ಹೇಗೆ ಹೇಳಬೇಕೆಂಬುದಕ್ಕೂ ಒಂದು ರೀತಿಯಿದೆ, ಅದನ್ನೂ ಅಪ್ಪ ಕಲಿಸಿದ್ದ. ಅದೇನೆಂದು ಮುಂದೆ ಹೇಳುತ್ತೇನೆ, ಈ ಕಥೆ ನಿಂತಿರುವುದೇ ಅದರ ಮೇಲೆ.

ಹನ್ನೆರಡನೆಯವರೆಗೆ ಮರಾಠಿ ಶಾಲೆ, ಆಮೇಲೆ ಉದಗೀರದಲ್ಲಿ ಆರು ತಿಂಗಳು ಕಂಪ್ಯೂಟರ್ ಕ್ಲಾಸು, ಆಮೇಲೆ ಮದುವೆ. ಗಂಡ ಸಿದ್ಧಾರೂಢ ಉಮರ್ಗಾ ಡಿಪೋದಲ್ಲಿ ಕಂಡಕ್ಟರು. ಒಳ್ಳೆಯವನು, ಆದರೆ ಕುರಿಯ ವಾಸನೆಗೆ ಮೂಗು ಮುರಿಯುವ ಕುರಿಗಾರ. ಐವತ್ತು ಮಂದಿಯ ಬಸ್ಸಿನಲ್ಲಿ ಟಿಕೀಟು ತಗೊಳ್ಳದವನ ಮುಖ ಹಿಂದಿನ ಸೀಟಿನಿಂದಲೇ ಹಿಡಿಯುತ್ತಾನೆ, ಮನೆಯ ಎರಡು ಕುರಿಗಳ ನಡುವೆ ವ್ಯತ್ಯಾಸ ಕೇಳಿದರೆ ಆಕಾಶ ನೋಡುತ್ತಾನೆ. ಹಾಗಾಗಿ ದೊಡ್ಡಿಯ ಬಾಯಿ ಭೀಮಶಾನದೇ ಆಗಿ ಉಳಿಯಿತು. ಸೊಸೆಯನ್ನು ಅಲ್ಲಿಗೆ ಕರೆಯಬೇಕೆಂದು ಅವನಿಗೆ ಹೊಳೆಯಲೂ ಇಲ್ಲ. ಆಕೆ ಆಫೀಸಿನವಳು, ಆಫೀಸು ಮಾಡಲಿ. ಐದು ವರ್ಷ ಮನಿಷಾ ಅಡುಗೆಮನೆಯ ಕಿಟಕಿಯಿಂದ ಹಿಂಡು ಒಳಗೆ ಹೋಗುವುದನ್ನು ನೋಡಿದಳು.

ಕಂಪನಿಗೆ ಆ ಸಾಫ್ಟ್‌ವೇರ್ ಬಂದದ್ದು ದೀಪಾವಳಿ ಮುಗಿದ ಮೇಲೆ. ಅದನ್ನು ಕೂಡಿಸಲು ಬಂದವನು ಶುಭಂ, ಉದಗೀರದ ಕಡೆಯ ಲಿಂಗಾಯತ ಒಕ್ಕಲುಮನೆಯ ಹುಡುಗ, ಪುಣೆಯಲ್ಲಿ ಕಲಿತು ತಿರುಗಿ ಬಂದವನು. ಎಕ್ಸೆಲ್ ಹಾಳೆಯನ್ನು ಅದರ ಬಾಯಿಗೆ ಕೊಟ್ಟರೆ ಅದು ತಾನೇ ಓದಿ ಒಂದೊಂದು ಮನೆಗೆ ಒಂದೊಂದು ಓಲೆ ಬರೆಯುತ್ತದಂತೆ. ಈ ತಿಂಗಳು ಎಷ್ಟು ಕುರಿ, ಎಷ್ಟು ಮರಿ, ಮುಂದಿನ ಲಸಿಕೆ ಯಾವಾಗ, ಎಲ್ಲವನ್ನೂ ಮನುಷ್ಯರು ಹೇಳಿದ ಹಾಗೆ ವಾಕ್ಯ ಮಾಡಿ ಹೇಳುತ್ತದೆ. ಓಲೆ ಮರಾಠಿಯಲ್ಲಿ ಅಚ್ಚಾಗುತ್ತದೆ, ಅದೇ ಮಾತು ಕನ್ನಡದ ದನಿಯಾಗಿ ಫೋನಿಗೂ ಹೋಗುತ್ತದೆ. ಇಲ್ಲಿಯವರು ಓದುವುದು ಮರಾಠಿ, ಮನೆಯಲ್ಲಿ ಆಡುವುದು ಕನ್ನಡ. ಓದಲು ಬಾರದ ಭೀಮಶಾನಂಥವರಿಗೆ ಕಿವಿಯೇ ಗತಿ.

ಆದರೆ ಅದರ ಬಾಯಿಗೆ ಕೊಡುವ ಹಾಳೆ ಹೇಗಿರಬೇಕು ಅನ್ನುವುದರಲ್ಲಿದೆ ಎಲ್ಲ ಕಷ್ಟ. ಅಲ್ಲಿಯ ತನಕ ಹಾಳೆ ತುಂಬುತ್ತಿದ್ದವನು ಕಂಪನಿಯ ಅಧ್ಯಕ್ಷ ಗುರುನಾಥ. ಅವನ ಹಾಳೆ ನೋಡಿದರೆ ಲಗ್ನಪತ್ರಿಕೆ ನೆನಪಾಗಬೇಕು. ಮೇಲೆ ಎಂಟು ಚೌಕ ಕೂಡಿಸಿ ಕೆಂಪಕ್ಷರದಲ್ಲಿ 'ಶ್ರೀ ಬೀರಲಿಂಗೇಶ್ವರ ಪ್ರಸನ್ನ'. ಊರಿನ ಹೆಸರು ಒಮ್ಮೆ ಬರೆದು ಕೆಳಗಿನ ಹದಿನೈದು ಚೌಕ ಖಾಲಿ. ಬೇನೆ ಬಿದ್ದ ಕುರಿಗೆ ಹಳದಿ ಬಣ್ಣ, ಮಾರಿದ್ದಕ್ಕೆ ಹಸಿರು. ಮರಿ ಎಷ್ಟೆಂಬಲ್ಲಿ 'ಎರಡು, ಒಂದು ಇಂದೋ ನಾಳೆಯೋ'. ಲಸಿಕೆಯ ದಿನ 'ಎಳ್ಳಮಾಸಿ ಮರುದಿನ'. ಭೀಮಶಾ ಒಂದು ಕಡೆ ಭೀಮಶಾ, ಇನ್ನೊಂದು ಕಡೆ ಭೀಮಶಾ ಯೆಣೆಗೂರ, ಮೂರನೆಯ ಕಡೆ ಬರೀ 'ಸಿದ್ಧಾರೂಢನ ಅಪ್ಪ'. ಓದುವ ಮನುಷ್ಯನಿಗೆ ಎಲ್ಲ ತಿಳಿಯುತ್ತದೆ. ಸಾಫ್ಟ್‌ವೇರಿಗೆ ಬಣ್ಣ ಕಾಣುವುದಿಲ್ಲ, ಖಾಲಿ ಚೌಕಕ್ಕೆ ಊರಿಲ್ಲ, ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಯಾವತ್ತೆಂದು ಅದಕ್ಕೆ ಯಾರೂ ಹೇಳಿಲ್ಲ, ಮೂರು ಹೆಸರೆಂದರೆ ಮೂರು ಮಂದಿ.

ಮೊದಲ ಸಲ ಗುರುನಾಥನ ಹಾಳೆಯನ್ನು ಹಾಗೆಯೇ ಕೊಟ್ಟು ನೋಡಿದರು. ಒಂದು ಕಾಲಂ ಪಕ್ಕಕ್ಕೆ ಸರಿದು ಫೋನ್ ನಂಬರು ಮರಿಗಳ ಜಾಗಕ್ಕೆ ಬಂದಿತ್ತು. ಗುರುನಾಥನ ಮನೆಯಲ್ಲಿ ಈ ತಿಂಗಳು ಒಂಬೈನೂರ ಎಂಬತ್ತು ಕೋಟಿ ಮರಿಗಳು ಜನಿಸಿವೆ, ಅಭಿನಂದನೆಗಳು ಅಂತ ಸಾಫ್ಟ್‌ವೇರ್ ಗಂಭೀರವಾಗಿ ಬರೆಯಿತು. ಗುರುನಾಥ ಕನ್ನಡಕ ಏರಿಸಿ ಎರಡು ಸಲ ಓದಿದ, ಇಷ್ಟಕ್ಕೆ ಮೇವು ಎಲ್ಲಿಂದ ತರುವುದು ಅಂತ ಕೇಳಿದ. ಅವತ್ತಿನಿಂದ ಹಾಳೆ ಮನಿಷಾಳ ಕೈಗೆ ಬಂತು.

ಶುಭಂ ನಿಯಮ ಹೇಳಿಕೊಟ್ಟ. ಒಂದು ಸಾಲಿಗೆ ಒಂದೇ ಜೀವ. ಒಂದು ಕಾಲಮಿನಲ್ಲಿ ಒಂದೇ ಜಾತಿಯ ಮಾತು. ತಲೆಬರಹ ಒಮ್ಮೆ ಮಾತ್ರ, ಮೇಲಿನ ಸಾಲಿನಲ್ಲಿ. ಕೂಡಿಸಿದ ಚೌಕ ಬೇಡ, ಬಣ್ಣದಲ್ಲಿ ಗುಟ್ಟು ಬೇಡ. ಇದನ್ನು ಕಲಿಸಲು ತನಗೆ ಬೇರೆ ಕಡೆ ವಾರಗಟ್ಟಲೆ ಹಿಡಿಯುತ್ತದೆ, ಈಕೆ ಮಧ್ಯಾಹ್ನದ ಚಹಾದೊಳಗೆ ಕಲಿತಳಲ್ಲ ಅಂತ ಅವನಿಗೆ ಅಚ್ಚರಿ. ಮನಿಷಾಳಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಒಂದೊಂದಾಗಿ ಬಿಡು, ಒಂದೊಂದನ್ನೇ ನೋಡು. ಇದು ಅಪ್ಪನ ದೊಡ್ಡಿಯ ಬಾಯಿಯಲ್ಲದೆ ಮತ್ತೇನು?

ಒಂದೂವರೆ ತಿಂಗಳು ಆಕೆ ಆ ಹಾಳೆಯನ್ನು ಹಸನು ಮಾಡಿದಳು. ಎಳ್ಳಮಾಸಿಯನ್ನು ತಾರೀಖು ಮಾಡಿದಳು. ಹಳದಿ ಬಣ್ಣ ತೆಗೆದು 'ಬೇನೆ' ಎಂಬ ಕಾಲಂ ಇಟ್ಟಳು. ಒಬ್ಬೊಬ್ಬ ಯಜಮಾನನಿಗೂ ಒಂದೇ ಹೆಸರು ಗಟ್ಟಿ ಮಾಡಿದಳು. ಮನೆಮನೆಗೆ ಫೋನು ಮಾಡಿ ಹಿಂಡಿನಲ್ಲಿ ಎಷ್ಟು ಕುರಿ ಎಂದು ಯಜಮಾನರ ಬಾಯಿಂದಲೇ ಕೇಳಿ ಬರೆದಳು. ಲಸಿಕೆ ಹಾಕಲು ಬಂದವರು ಕುರಿಗಳ ಕಿವಿಗೆ ನಂಬರಿನ ಬಿಲ್ಲೆ ಹಾಕಿದ್ದರು. ಆ ಬಿಲ್ಲೆಗಳಿಗೆ ಬೇರೊಂದು ಹಾಳೆ, ಬಿಲ್ಲೆಗೊಂದು ಸಾಲು. ಅದರಲ್ಲಿ ಯಾರೂ ಕೇಳದಿದ್ದ ಒಂದು ಕಾಲಂ ಆಕೆ ತಾನಾಗಿ ಸೇರಿಸಿದಳು: 'ಗುರುತು'. ಕರಿಕಿವಿ, ಬಿಳಿಮೂತಿ, ಮುರುಕುಕೊಂಬು. ಸಾಫ್ಟ್‌ವೇರಿಗೆ ಇದು ಬೇಕಾಗಿಲ್ಲ ಅಂತ ಶುಭಂ ಹೇಳಿದ. ಇರಲಿ, ನನಗೆ ಬೇಕು ಅಂದಳು.

ದನಿಯ ಮಾತನ್ನೂ ಆಕೆಯೇ ತಿದ್ದಿದಳು. ಸಾಫ್ಟ್‌ವೇರಿನ ಕನ್ನಡ ಭಾಷಣ ಮಾಡುವವರ ಕನ್ನಡವಾಗಿತ್ತು, ಮರಿಗಳು 'ಜನಿಸಿವೆ' ಅನ್ನುತ್ತಿತ್ತು. ಮಹಾತ್ಮರು ಜನಿಸುತ್ತಾರೆ, ಕುರಿಮರಿ ಹುಟ್ಟುತ್ತದೆ. ಮನಿಷಾಳಿಗೆ ಕನ್ನಡ ಅಕ್ಷರ ಓದಲು ನಿಧಾನ, ಆದ್ದರಿಂದ ಆಕೆ ಬಾಯಲ್ಲಿ ಹೇಳುತ್ತ ಹೋದಳು, ಶುಭಂ ಬರೆದುಕೊಂಡ. ಮರಿ ಹುಟ್ಯಾವ, ಲಸಿಕಿ ಹಾಕಸ್ರಿ, ಮೈ ಚೆಂದ ಅವ. ಕೇಳಿದರೆ ಪಕ್ಕದ ಮನೆಯವರು ಕಟ್ಟೆಗೆ ಬಂದು ಕೂತು ಹೇಳಿದಂತಿತ್ತು.

ಎಳ್ಳಮಾಸಿಗೆ ಇನ್ನೂ ಆರು ದಿನ ಇತ್ತು. ಹಬ್ಬದ ಹಿಂದಿನ ದಿನ ನೂರಾ ಎಂಬತ್ತೇಳೂ ಮನೆಗೆ ಓಲೆ ಹೋಗಬೇಕೆಂದು ಗುರುನಾಥನ ಅಪ್ಪಣೆ. ಹಿಂದಿನ ತಿಂಗಳ ಹಾಳೆಯಲ್ಲಿ ಆಕೆ ಪರೀಕ್ಷೆ ಮಾಡಿ ನೋಡಿದ್ದಳು, ಎಲ್ಲ ಸರಿಯಿತ್ತು. ಈ ತಿಂಗಳದ್ದು ಸಿದ್ಧವಾದಾಗ ಆಕೆಗೆ ತಡೆಯಲಾಗಲಿಲ್ಲ. ಮೊದಲ ದನಿ ಮಾವನ ಫೋನಿಗೇ ಹೋಗಲಿ ಅನ್ನಿಸಿತು. ಕಾಗದದ ಕುರಿ ಮಾತಾಡುವುದನ್ನು ಮಾವ ಕೇಳಲಿ, ಸಂಜೆ ಆ ಮುಖ ತಾನು ನೋಡಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಪೂರ್ತಿ ಕೇಳಿಸಿಕೊಳ್ಳದೆಯೇ ಮಧ್ಯಾಹ್ನ ಒಂದು ಗಂಟೆಗೆ ಕಳಿಸಿಬಿಟ್ಟಳು.

ಐದರ ಬಸ್ಸಿಳಿದು ಮನೆಯ ಹತ್ತಿರ ಬಂದರೆ ಹಿಂಡು ಆಗಲೇ ದೊಡ್ಡಿಯಲ್ಲಿತ್ತು. ಹೊತ್ತು ಮುಳುಗಲು ಇನ್ನೂ ಸಮಯವಿತ್ತು, ಭೀಮಶಾ ಇಷ್ಟು ಬೇಗ ಎಂದೂ ಬಂದವನಲ್ಲ. ಅತ್ತೆ ಮಾಣಿಕಮ್ಮ ಸೊಸೆಯನ್ನು ಬಾಗಿಲಲ್ಲೇ ತಡೆದು ಪಿಸುಮಾತಿನಲ್ಲಿ ಸುದ್ದಿ ಹೇಳಿದಳು. ಮಧ್ಯಾಹ್ನ ಹೊಲದಲ್ಲಿದ್ದಾಗ ಫೋನು ಬಂತಂತೆ. ಕೇಳಿದವನೇ ಹಿಂಡು ತಿರುಗಿಸಿಕೊಂಡು ಬಂದ. ದೊಡ್ಡಿಗೆ ಬಿಟ್ಟ, ಹೊರಗೆ ಎಳೆದ, ಮತ್ತೆ ಬಿಟ್ಟ. ನಾಲ್ಕು ಸಲ. ನೀರು ಕೊಟ್ಟರೆ ಕುಡಿಯಲಿಲ್ಲ.

ಭೀಮಶಾ ದೊಡ್ಡಿಯ ಬಾಯಿಯ ಕಲ್ಲಿನ ಮೇಲೆ ಕೂತಿದ್ದ. ಫೋನು ಅಂಗೈಯಲ್ಲಿತ್ತು. ಸೊಸೆಯನ್ನು ಕಂಡು ಅವನು ಬೈಯಲಿಲ್ಲ, ಬೈದಿದ್ದರೆ ಆಕೆಗೆ ಹಗುರಾಗುತ್ತಿತ್ತು. ಗುಂಡಿ ಒತ್ತಿ ದನಿ ಕೇಳಿಸಿದ. ಭೀಮಶಾ ಅವರಿಗೆ ಶರಣು, ನಿಮ್ಮ ಹಿಂಡಿನಾಗ ಅರವತ್ತೊಂದು ಕುರಿ ಅವ, ನಾಲ್ಕು ಮರಿ ಹುಟ್ಯಾವ. ಅಲ್ಲಿಯ ತನಕ ಮನಿಷಾಳ ಮಾತುಗಳೇ. ಆಮೇಲೆ ಅದೇ ಸಮಾಧಾನದ ದನಿಯಲ್ಲಿ: ಒಂದು ಕುರಿ ಕಾಣಿಸವಲ್ದು, ಹುಡುಕಿ ನೋಡ್ರಿ.

ಕುರಿಗಾರನಿಗೆ ನಿನ್ನ ಕುರಿ ಕಳೆದಿದೆ ಅನ್ನುವುದಕ್ಕಿಂತ ಅವನ ಮೀಸೆ ಬೋಳಿಸುವುದು ಮೇಲು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಹೋದ ವರ್ಷ ಲಾತೂರಿನಲ್ಲಿ ಭೀಮಶಾನ ಎರಡೂ ಕಣ್ಣಿನ ಪೊರೆ ತೆಗೆದಿದ್ದರು. ಕಣ್ಣು ಚೆನ್ನಾಗಿವೆ ಅಂತ ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಈಗ ಆ ಕಣ್ಣಿನ ಮೇಲೆ ಅವನಿಗೇ ನಂಬಿಕೆ ಹೋಗಿತ್ತು. ನಾಲ್ಕು ಸಲ ನೋಡಿದರೂ ಯಾವುದು ಹೋಗಿದೆ ಎಂದು ತಿಳಿಯದ ಯಜಮಾನ ಇನ್ನು ದೊಡ್ಡಿಯ ಬಾಯಿಗೆ ನಿಂತು ಏನು ಮಾಡಬೇಕು?

"ಮನಿಷಾ," ಅಂದ ಭೀಮಶಾ, "ನಿನ್ನ ಮಷೀನಿಗೆ ಒಂದು ಮಾತು ಕೇಳು. ಯಾವ ಕುರಿ ಹೋಗ್ಯಾದ?"

ಮಷೀನಿಗೆ ಆ ಉತ್ತರ ಗೊತ್ತಿರಲಿಲ್ಲ. ಅದು ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದನ್ನು ಹೇಳಿತ್ತು, ಅಷ್ಟೆ. ಆದರೆ ಮನಿಷಾಳ ಫೋನಿನಲ್ಲಿ ಬಿಲ್ಲೆಗಳ ಹಾಳೆಯಿತ್ತು, ಹಾಳೆಯಲ್ಲಿ ಗುರುತಿನ ಕಾಲಂ ಇತ್ತು. ಆಕೆ ಮಾವನ ಎದುರಿಗೆ ನೆಲದ ಮೇಲೆ ಕೂತು ಓದತೊಡಗಿದಳು. ಕರಿಕಿವಿ. ಭೀಮಶಾ ದೊಡ್ಡಿಯೊಳಗೆ ನೋಡಿ "ಅದ" ಅಂದ. ಬಿಳಿಮೂತಿ. ಅದ. ಮುರುಕುಕೊಂಬು. ಅದ. ಕೆಂಪುಬೆನ್ನು, ಕುಂಟಿ, ಉದ್ದಬಾಲ. ಅದ, ಅದ, ಅದ. ಇಪ್ಪತ್ತು ದಾಟುವ ಹೊತ್ತಿಗೆ ಅವನ ದನಿ ಗಟ್ಟಿಯಾಯಿತು. ಮೂವತ್ತಕ್ಕೆ, ಅದು ಕುಂಟಿಯ ಮಗಳು, ಅವ್ವನ ಹಾಗೇ ಹಟಮಾರಿ ಅಂತ ವಂಶಾವಳಿ ಹೇಳತೊಡಗಿದ. ಮಾಣಿಕಮ್ಮ ಚಹಾ ತಂದಿಟ್ಟಳು, ಈ ಸಲ ಕುಡಿದ.

ಕೊನೆಯ ಸಾಲಿಗೆ ಬಂದರು. ಕರಿಮೈ, ಹಣೆಯ ಮೇಲೆ ಬಿಳಿ ಬೊಟ್ಟು.

ಭೀಮಶಾ "ಅದ" ಅನ್ನಲಿಲ್ಲ. ದೊಡ್ಡಿಯ ಮೂಲೆಯಲ್ಲಿ ನಿಂತು ಮೆಲುಕು ಹಾಕುತ್ತಿದ್ದ ಆ ಕರಿಕುರಿಯ ಕಡೆಗೆ ನೋಡಿ ಎರಡೂ ಕೈ ಮುಗಿದ.

ಇದೇ ನಾನು ಮುಂದೆ ಹೇಳುತ್ತೇನೆಂದ ಮಾತು. ಒಂದೊಂದು ಹಿಂಡಿನಲ್ಲೂ ಒಂದು ಕುರಿ ಕುರಿಗಾರರ ಕುಲದೇವರು ಬೀರಪ್ಪನ ಹೆಸರಿಗೆ ಬಿಟ್ಟದ್ದು ಇರುತ್ತದೆ. ಅದನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ, ಮುಪ್ಪಾಗಿ ತಾನಾಗಿ ಹೋಗುವ ತನಕ ಹಿಂಡಿನಲ್ಲೇ ಇರುತ್ತದೆ. ದೇವರದ್ದನ್ನು ನಮ್ಮ ಲೆಕ್ಕಕ್ಕೆ ಹಿಡಿಯಬಾರದು. ಆದ್ದರಿಂದ ಎಷ್ಟು ಕುರಿ ಎಂದು ಯಾರೇ ಕೇಳಲಿ, ಕುರಿಗಾರ ಒಂದು ಬಿಟ್ಟೇ ಹೇಳುತ್ತಾನೆ. ಅರವತ್ತೆರಡು ಇದ್ದರೆ ಅರವತ್ತೊಂದು. ಇದು ಸುಳ್ಳಲ್ಲ, ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಬಿಲ್ಲೆ ಹಾಕಲು ಬಂದವರು ಮಾತ್ರ ಕಿವಿ ಕಂಡಲ್ಲೆಲ್ಲ ಬಿಲ್ಲೆ ಹಾಕಿ ಹೋಗಿದ್ದರು. ಬಾಯಿಂದ ಬಂದ ಅರವತ್ತೊಂದು ಒಂದು ಹಾಳೆಯಲ್ಲಿ, ಕಿವಿಯಿಂದ ಬಂದ ಅರವತ್ತೆರಡು ಇನ್ನೊಂದರಲ್ಲಿ. ಹಿಂದಿನ ತಿಂಗಳು ಬಿಲ್ಲೆಗಳ ಹಾಳೆಯೇ ಇರಲಿಲ್ಲವಾದ್ದರಿಂದ ಕಳೆಯುವುದಕ್ಕೆ ಏನೂ ಇರಲಿಲ್ಲ. ಈ ತಿಂಗಳು ಸಾಫ್ಟ್‌ವೇರ್ ಕಳೆದು ನೋಡಿತು, ಒಂದು ಉಳಿಯಿತು.

ಬೇರೆ ಯಾವಳಾದರೂ ಆ ಕುರ್ಚಿಯಲ್ಲಿ ಕೂತಿದ್ದರೆ, ಎರಡೂ ಹಾಳೆ ಒಂದಕ್ಕೊಂದು ಹೊಂದುತ್ತಿಲ್ಲವಲ್ಲ ಅಂತ ಮೊದಲ ದಿನವೇ ಕೇಳುತ್ತಿದ್ದಳು. ಮನಿಷಾ ಕುರಿಗಾರನ ಮಗಳು. ಎಂಟನೆಯ ವಯಸ್ಸಿನಿಂದ ಒಂದು ಬಿಟ್ಟೇ ಹೇಳಿದವಳು, ಒಂದು ಬಿಟ್ಟೇ ಕೇಳಿದವಳು. ಅರವತ್ತೊಂದು ಎಂಬ ಮಾತು ಕಿವಿಗೆ ಬಿದ್ದಾಗ ಪೂರ್ತಿ ಹಿಂಡೇ ಆಕೆಯ ಕಣ್ಣ ಮುಂದೆ ಬರುತ್ತಿತ್ತು, ಕೊರತೆ ಕಾಣುವುದು ಎಲ್ಲಿಂದ?

ಮಾವ, ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವನು ಭೀಮಶಾ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆ ನೀರಿನಲ್ಲಿ ನಗೆಯದ್ದು ಎಷ್ಟು, ಮಧ್ಯಾಹ್ನದಿಂದ ಕಟ್ಟಿಕೊಂಡ ಅಂಜಿಕೆಯದ್ದು ಎಷ್ಟು ಎಂದು ಮನಿಷಾ ಕೇಳಲಿಲ್ಲ. ಆಕೆಯ ಕಣ್ಣೂ ಒದ್ದೆಯಾಗಿದ್ದವು. ಡ್ಯೂಟಿ ಮುಗಿಸಿ ಬಂದ ಸಿದ್ಧಾರೂಢ ಏನಾಯಿತೆಂದು ಕೇಳಿದ. ದೇವರಿಗೆ ಟಿಕೀಟು ಹರಿದಿಲ್ಲ ಅಂತ ನಿನ್ನ ಹೆಂಡತಿಯ ಮಷೀನು ಬಸ್ಸು ನಿಲ್ಲಿಸಿದೆ ಎಂದು ಮಾಣಿಕಮ್ಮ ಹೇಳಿದಳು.

ನಗೆ ರಾತ್ರಿಯ ಊಟದ ತನಕ ಬಂತು, ಅದರಾಚೆ ಬರಲಿಲ್ಲ. ಮರುದಿನ ಕಚೇರಿಯಲ್ಲಿ ಸಿದ್ಧವಾಗಿ ಕೂತಿದ್ದ ಉಳಿದ ನೂರಾ ಎಂಬತ್ತಾರು ಓಲೆಗಳನ್ನು ತೆರೆದು ನೋಡಿದರೆ ಒಂಬತ್ತು ಬಿಟ್ಟು ಎಲ್ಲದರಲ್ಲೂ ಒಂದೊಂದು ಕುರಿ ಕಾಣೆಯಾಗಿತ್ತು. ಇವು ಹೋಗಿದ್ದರೆ ಮೂರು ತಾಲೂಕಿನ ಯಜಮಾನರೆಲ್ಲ ಎಳ್ಳಮಾಸಿಯ ಅಂಬಲಿ ಬಿಟ್ಟು ಬೇಲಿ ಬೇಲಿ ಹುಡುಕುತ್ತಿದ್ದರು, ಆಮೇಲೆ ಕಚೇರಿಗೆ ಬಂದು ಮನಿಷಾಳನ್ನು ಹುಡುಕುತ್ತಿದ್ದರು.

ಶುಭಂಗೆ ಇದು ಚಿಟಿಕೆ ಹೊಡೆಯುವಷ್ಟು ಸಲೀಸು. ದೇವರ ಕುರಿಯ ಸಾಲನ್ನೇ ಅಳಿಸಿಬಿಡೋಣ ಅಂದ. ಆಗದು ಅಂದಳು ಮನಿಷಾ, ಲಸಿಕೆ ತರಿಸುವುದು ಬಿಲ್ಲೆಯ ಲೆಕ್ಕದ ಮೇಲೆ, ಬೇನೆಗೆ ಇದು ದೇವರದು ಅಂತ ಗೊತ್ತಿರುತ್ತದೆಯೇ? ಹಾಗಾದರೆ ಬಾಯಿಂದ ಬಂದ ಸಂಖ್ಯೆಗೆ ಒಂದು ಕೂಡಿಸೋಣ ಅಂದ. ಅದೂ ಆಗದು. ಆಗ ಓಲೆ ಅರವತ್ತೆರಡು ಅಂತ ಗಟ್ಟಿಯಾಗಿ ಹೇಳುತ್ತದೆ. ಯಾವ ಯಜಮಾನನೂ ಬಾಯಲ್ಲಿ ಆಡದ ಮಾತನ್ನು ಮಷೀನು ಮನೆಯ ನಡುವೆ ನಿಂತು ಆಡಬಾರದು.

"ಅಕ್ಕಾ, ಒಂದಽ ಕುರಿ ಅದ. ಒಮ್ಮಿ ಲೆಕ್ಕಕ್ಕ ಬೇಕಂತೀರಿ, ಒಮ್ಮಿ ಬ್ಯಾಡಂತೀರಿ. ಮಷೀನಿಗಿ ನಾ ಏನಂತ ಹೇಳಲಿ?"

ಮನಿಷಾ ಅವನಿಗೆ ತಿರುಗಿ ಒಂದು ಪ್ರಶ್ನೆ ಕೇಳಿದಳು. ನಿಮ್ಮ ಮನೆಯಲ್ಲಿ ಜೋಳದ ರಾಶಿ ಅಳೆಯುವಾಗ ಮೊದಲ ಅಳತೆಗೆ ನಿಮ್ಮ ಅಜ್ಜ ಏನನ್ನುತ್ತಿದ್ದರು? ಶುಭಂನ ಅಜ್ಜ ಮನ್ಮಥಪ್ಪ ಕಣದಲ್ಲಿ ಕೂತು ಅಳೆಯುವಾಗ ಒಂದು ಅಂದದ್ದನ್ನು ಅವನು ಎಂದೂ ಕೇಳಿರಲಿಲ್ಲ. ಲಾಭ, ಎರಡು, ಮೂರು ಎಂದೇ ಎಣಿಕೆ. ಮೊದಲನೆಯದು ಲೆಕ್ಕದಲ್ಲಿ ಇರುತ್ತದೆ, ಅಂಕಿಯಲ್ಲಿ ಇರುವುದಿಲ್ಲ. ಅದಕ್ಕೆ ಅಂಕಿಯಲ್ಲ, ಹೆಸರು. ಶುಭಂ ಕುರ್ಚಿ ಎಳೆದುಕೊಂಡು ಕೂತ.

ಹಾಳೆಗೆ ಹೊಸ ಕಾಲಂ ಬಂತು: 'ದೇವರದು'. ಅದರಲ್ಲಿ ಅಂಕಿ ಬರೆಯುವಂತಿಲ್ಲ, ಅದ ಅಥವಾ ಇಲ್ಲ, ಎರಡೇ ಮಾತು. ಯಜಮಾನ ಹೇಳಿದ ಸಂಖ್ಯೆ ಯಜಮಾನ ಹೇಳಿದಂತೆಯೇ ಇರುತ್ತದೆ. ಬಿಲ್ಲೆಗಳು ಬಿಲ್ಲೆಗಳಷ್ಟೇ ಇರುತ್ತವೆ. ನಡುವೆ ಒಂದು ವ್ಯತ್ಯಾಸ ಬಂದಾಗ ಸಾಫ್ಟ್‌ವೇರ್ ಈ ಕಾಲಂ ನೋಡಬೇಕು. 'ಅದ' ಅಂತ ಇದ್ದರೆ ಕಾಣೆಯಾದ ಮಾತು ಎತ್ತಬಾರದು. ಅದರ ಬದಲಿಗೆ ಏನು ಹೇಳಬೇಕೆಂಬ ವಾಕ್ಯವನ್ನು ಮನಿಷಾ ತಾನೇ ಕಟ್ಟಿದಳು. ಆಮೇಲೆ ಮೂರು ದಿನ ಫೋನು ಹಿಡಿದು ಕೂತಳು. ದೇವರ ಕುರಿ ಇದೆಯೇ ಎಂದು ಹಾಗೆ ಕೇಳುವಂತಿಲ್ಲ, ಇಲ್ಲದವರಿಗೆ ನೋವಾಗುತ್ತದೆ. ದೇವರದು ಚೆಂದ ಅದ ಏನ್ರಿ ಎಂದು ಕೇಳುತ್ತಿದ್ದಳು. ಇದ್ದವರು ಅದರ ಉಣ್ಣೆ, ಅದರ ನಡಿಗೆ, ಅದರ ಜಂಭ ಎಲ್ಲ ಹೇಳಿ ಫೋನೇ ಇಡುತ್ತಿರಲಿಲ್ಲ. ಒಂಬತ್ತು ಮನೆಯವರು, ಮುಪ್ಪಾಗಿ ಹೋಯಿತು, ಬರುವ ಅಮಾವಾಸ್ಯೆಗೆ ಹೊಸದು ಬಿಡುತ್ತೇವೆ ಅಂದರು. ಇಷ್ಟು ವರ್ಷ ಕಂಪನಿಯಿಂದ ಲಸಿಕೆ ಬಂತು, ಕಾಗದ ಬಂತು, ದೇವರ ಕುರಿಯ ಕ್ಷೇಮ ಕೇಳಿದವರು ಯಾರೂ ಇರಲಿಲ್ಲ. ಮೂರು ದಿನದಲ್ಲಿ ಮನಿಷಾಳ ಗಂಟಲು ಬಿತ್ತು, ಮನಸ್ಸು ಮಾತ್ರ ತುಂಬಿತ್ತು.

ಹಬ್ಬದ ಹಿಂದಿನ ದಿನ ಆಕೆ ಒಂದೊಂದು ದನಿಯನ್ನೂ ಕೊನೆಯ ತನಕ ಕೇಳಿದಳು. ನೂರಾ ಎಂಬತ್ತೇಳೂ. ಆಮೇಲೆ ಗುಂಡಿ ಒತ್ತಿ, ಐದರ ಬಸ್ಸು ಹಿಡಿದಳು.

ಯೆಣೆಗೂರಿನಲ್ಲಿ ಇಳಿದು ಮನೆಯತ್ತ ನಡೆದಾಗ ಭೀಮಶಾ ಹಿಂಡಿನೊಂದಿಗೆ ಆಗಷ್ಟೇ ಬಂದಿದ್ದ. ಕುರಿಗಳು ಅಂಗಳದಲ್ಲಿ ಗುಂಪುಗೂಡಿದ್ದವು, ಅವನು ಬೇಲಿಗೆ ಒರಗಿ ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. ಒಮ್ಮೆ ಕೇಳಿದ. ಮತ್ತೊಮ್ಮೆ ಕೇಳಿದ. ಮೂರನೆಯ ಸಲ ಹೆಂಡತಿಯನ್ನು ಕರೆದು ದನಿ ದೊಡ್ಡದು ಮಾಡಿದ. ಭೀಮಶಾ ಅವರಿಗೆ ಶರಣು, ನಿಮ್ಮ ಹಿಂಡಿನಾಗ ಅರವತ್ತೊಂದು ಕುರಿ ಅವ, ನಾಲ್ಕು ಮರಿ ಹುಟ್ಯಾವ. ಒಂದೂ ಕಳದಿಲ್ಲ, ನಿಮ್ಮ ಕಣ್ಣು ಚೆಂದ ಅವ. ದೇವರದು ದೇವರ ಲೆಕ್ಕದಾಗ ಅದ.

ಕಣ್ಣಿನ ಆ ಒಂದು ಮಾತು ಉಳಿದ ನೂರಾ ಎಂಬತ್ತಾರು ಓಲೆಗಳಲ್ಲಿ ಇರಲಿಲ್ಲ. ಅದು ಯಾವ ಕಾಲಮಿನಿಂದಲೂ ಬಂದದ್ದಲ್ಲ, ಸೊಸೆ ಕೈಯಿಂದ ಸೇರಿಸಿದ್ದು. ಮನಿಷಾ ನಿಯಮ ಮುರಿದದ್ದು ಅದೊಂದೇ ಸಲ. ಮಾಣಿಕಮ್ಮ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, ನಾಳೆಯ ಹಬ್ಬದ ಭಜ್ಜಿ ಪಲ್ಯಕ್ಕೆ ತರಕಾರಿ ಹೆಚ್ಚಬೇಕು ಅಂತ ಒಳಗೆ ಹೋದಳು.

ಭೀಮಶಾ ಫೋನು ಜೇಬಿಗಿಟ್ಟ. ದೊಡ್ಡಿಯ ಹತ್ತಿರ ಹೋದ, ಆದರೆ ಬಾಯಿಯ ಪಕ್ಕ ನಿಲ್ಲಲಿಲ್ಲ. ನಾಲ್ಕು ಹೆಜ್ಜೆ ಆಚೆ, ಹಿಂಡಿನ ಹಿಂದೆ ಹೋಗಿ ನಿಂತ.

"ಮನಿಷಾ," ಅಂದ, "ಬಾ, ಬಾಯಿಗಿ ನಿಂದ್ರು."

ಆಕೆ ಚೀಲವನ್ನು ಕಲ್ಲಿನ ಮೇಲಿಟ್ಟಳು. ಚಪ್ಪಲಿ ಬಿಟ್ಟಳು, ಸೆರಗು ಸಿಕ್ಕಿಸಿಕೊಂಡಳು. ಕಾಲು ಎಲ್ಲಿಡಬೇಕೆಂದು ಕಾಲಿಗೇ ಗೊತ್ತಿತ್ತು. ಭೀಮಶಾ ಹಿಂದಿನಿಂದ ಬಾಯಿ ಚಪ್ಪರಿಸಿ ಹಿಂಡು ಬಿಟ್ಟ. ಕರಿಕಿವಿ ಬಂತು, ಬಿಳಿಮೂತಿ ಬಂತು, ಕುಂಟಿ ಬಂತು, ಕುಂಟಿಯ ಮಗಳು ಒಳಗೆ ಹೋಗಲೊಲ್ಲೆ ಅಂತ ಹಟ ಮಾಡಿ ಒಂದು ಏಟು ತಿಂದು ಹೋಯಿತು. ಬೆಚ್ಚನೆಯ ಉಣ್ಣೆ ಆಕೆಯ ಮೊಣಕಾಲು ಸವರಿಕೊಂಡು ಹೋಗುತ್ತಲೇ ಇತ್ತು. ಐದು ವರ್ಷದ ಮೇಲೆ ಆ ವಾಸನೆ ಇಷ್ಟು ಹತ್ತಿರದಿಂದ ಆಕೆಯ ಮೂಗಿಗೆ ಬಂತು. ಆದರೂ ಕಣ್ಣು ತಪ್ಪಲಿಲ್ಲ. ಕೊನೆಗೆ ಕರಿಮೈಯ, ಹಣೆಬೊಟ್ಟಿನ ಕುರಿ ಯಾರ ಅವಸರವೂ ತನಗಿಲ್ಲವೆಂಬಂತೆ ನಡೆದು ಒಳಗೆ ಹೋಯಿತು.

ಹಿಂದಿನಿಂದ ಭೀಮಶಾ ಕೇಳಿದ, "ಎಷ್ಟು ಬಂದಾವ?"

ಆಕೆಯ ಹಾಳೆಯಲ್ಲಿ ಅರವತ್ತೆರಡು ಸಾಲುಗಳಿದ್ದವು. ಆಕೆಯ ಮೊಣಕಾಲು ಸವರಿ ಹೋದ ಮುಖಗಳೂ ಅರವತ್ತೆರಡೇ.

"ಅರವತ್ತೊಂದು, ಮಾವಾ."

ಭೀಮಶಾ ಬಂದು ಬಡಿಗೆಯನ್ನು ಆಕೆಯ ಕೈಗೆ ಕೊಟ್ಟ.

"ಬರೋಬ್ಬರಿ. ನಾಳಿಗೂ ನೀನೇ ನಿಂದ್ರು."